ನುಡಿಯ ಆಟವೂ ನುಡಿಯ ಪಾಠವೂ

ಕನ್ನಡ ನಾಡಿನ ಅನೇಕ ಊರುಗಳಲ್ಲಿ 1990ರ ದಶಕದಲ್ಲಿ ಮನೆಯ ಕದಗಳ ಮೇಲೆ ಸೀಮೆಸುಣ್ಣದಿಂದಲೋ ಇದ್ದಲಿನಿಂದಲೋ ಬರೆದ ಎರಡು ಪದಗಳು ಕಾಣಸಿಗುತ್ತಿದ್ದವು. 'ನಾಳೆ ಬಾ' ಎಂಬುದೇ ಆ ಬರಹ. ರಾತ್ರಿಯ ಹೊತ್ತು ದೆವ್ವವೊಂದು ಪರಿಚಿತರ ದನಿಯಲ್ಲಿ ಮನೆಯವರನ್ನು ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟು ಬಾಗಿಲು ತೆರೆದವರ ಗತಿ ಮುಗಿಯಿತು ಎಂಬ ಸುದ್ದಿ ಊರಿಂದೂರಿಗೆ ಹಬ್ಬಿತ್ತು. ಮಂತ್ರವಾದಿಯನ್ನು ಕರೆಸಲು ಹಣ ಬೇಕು, ತಾಯಿತಕ್ಕೆ ಕಾಸು ಬೇಕು. ಬರೆಯಬಲ್ಲ ಮಗುವೊಂದು ಮನೆಯಲ್ಲಿದ್ದರೆ ಈ ಎರಡು ಪದಗಳಿಗೆ ಖರ್ಚೇ ಇಲ್ಲ. ದೆವ್ವ ಬರುತ್ತದೆ, ಬರಹವನ್ನು ಓದುತ್ತದೆ, ನಾಳೆ ಬಂದರಾಯಿತೆಂದು ಹಿಂದಿರುಗುತ್ತದೆ. ಮರುದಿನ ಬಂದಾಗಲೂ ಕದದ ಮೇಲೆ ಅದೇ ಬರಹ. ಹೀಗೆ ನಾಳೆಯೆಂಬುದು ಎಂದೆಂದಿಗೂ ನಾಳೆಯಾಗಿಯೇ ಉಳಿದು ಮನೆಯವರು ಬದುಕಿಕೊಳ್ಳುತ್ತಾರೆ.

ಇದನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ; ತಳ್ಳಿಹಾಕುವುದು ಯುಕ್ತವೂ ಹೌದು. ಆದರೆ ತಳ್ಳಿಹಾಕುವ ಮುನ್ನ ಆ ದೆವ್ವದ ಗುಣಗಳನ್ನು ಒಮ್ಮೆ ಗಮನಿಸಬೇಕು. ಅದು ಅಕ್ಷರಸ್ಥ ದೆವ್ವ. ಕನ್ನಡವನ್ನು ಬಲ್ಲ ದೆವ್ವ. ಎಲ್ಲಕ್ಕಿಂತ ಮಿಗಿಲಾಗಿ, ಬರೆದ ಮಾತಿಗೆ ಬೆಲೆ ಕೊಡುವ ಸಂಭಾವಿತ ದೆವ್ವ. ಇಂಥ ಓದುಗರು ಜೀವಂತರಲ್ಲಿ ಎಷ್ಟು ಮಂದಿ ದೊರೆಯುತ್ತಾರೆಂಬುದು ಪ್ರತಿಯೊಬ್ಬ ಕನ್ನಡ ಪಂಡಿತರೂ ಯೋಚಿಸತಕ್ಕ ವಿಷಯ. ಕಿರಾಣಿ ಅಂಗಡಿಯ ಸಾಹುಕಾರರು ಗಲ್ಲೆಯ ಮೇಲೆ ತೂಗುಹಾಕುವ 'ಇಂದು ನಗದು, ನಾಳೆ ಉದ್ರಿ' ಎಂಬ ಫಲಕವೂ ಇದೇ ತಂತ್ರದ್ದು. ಒಂದು ಫಲಕ ದೆವ್ವವನ್ನು ಓಡಿಸುತ್ತದೆ, ಇನ್ನೊಂದು ಸಾಲಗಾರನನ್ನು ಓಡಿಸುತ್ತದೆ. ಎರಡಕ್ಕೂ ಆಧಾರ 'ನಾಳೆ' ಎಂಬ ಎರಡಕ್ಷರದ ಪದ. ಆ ಪದಕ್ಕೆ ಕಾಲವನ್ನು ಹಿಡಿದಿಡುವ ಶಕ್ತಿಯಿಲ್ಲ, ಅದು ಸೂಚಿಸುವ ದಿನ ದಿನದಿನವೂ ಮುಂದೆ ಸರಿಯುತ್ತದೆ ಎಂಬ ಸೂಕ್ಷ್ಮವನ್ನು ವ್ಯಾಕರಣ ಓದದ ಹಳ್ಳಿಗರೂ ವ್ಯಾಪಾರಿಗಳೂ ಕಂಡುಕೊಂಡಿದ್ದರು. ಕಂಡುಕೊಂಡದ್ದಷ್ಟೇ ಅಲ್ಲ, ಅದನ್ನು ಕೆಲಸಕ್ಕೂ ಹಚ್ಚಿದ್ದರು.

ನುಡಿಯೊಂದು ಜೀವಂತವಾಗಿದೆಯೆಂಬುದಕ್ಕೆ ಅದರಲ್ಲಿ ಬರೆದ ಗ್ರಂಥಗಳ ಸಂಖ್ಯೆಯೊಂದೇ ಪ್ರಮಾಣವಲ್ಲ. ಆಡುವವರು ಅದರೊಡನೆ ಆಡಬಲ್ಲರೆ ಎಂಬುದೂ ಪ್ರಮಾಣ. ಕನ್ನಡದಲ್ಲಿ 'ಆಡು' ಎಂಬ ಒಂದೇ ಕ್ರಿಯಾಪದ ಮಾತಿಗೂ ಸಲ್ಲುತ್ತದೆ, ಆಟಕ್ಕೂ ಸಲ್ಲುತ್ತದೆ. ಮಾತನ್ನೂ ಆಡುತ್ತಾರೆ, ಚೆಂಡನ್ನೂ ಆಡುತ್ತಾರೆ. ಇವೆರಡೂ ಒಂದೇ ಎಂದು ನುಡಿಯೇ ಸೂಚಿಸುತ್ತಿರುವಾಗ ಶಾಲೆಯ ವೇಳಾಪಟ್ಟಿ ಮಾತ್ರ ಆಟಕ್ಕೆ ಒಂದು ಅವಧಿ, ಭಾಷೆಗೆ ಇನ್ನೊಂದು ಅವಧಿ ಎಂದು ಇಬ್ಭಾಗ ಮಾಡಿದೆ. ಭಾಷೆಯ ಅವಧಿಯಲ್ಲಿ ಸಾಮಾನ್ಯವಾಗಿ ನಡೆಯುವುದೇನು? ಗೈಡಿನ ಪ್ರಶ್ನೋತ್ತರ, ಸಂದರ್ಭ ಸಹಿತ ಸ್ವಾರಸ್ಯ, ಬಿಟ್ಟ ಸ್ಥಳ ತುಂಬುವುದು. 'ಸ್ವಾರಸ್ಯ' ಎಂಬ ಪದ ಪ್ರಶ್ನೆಪತ್ರಿಕೆಯಲ್ಲಿ ಉಳಿಯುತ್ತದೆ. ಸ್ವಾರಸ್ಯ ಮಾತ್ರ ಪಾದರಕ್ಷೆಗಳ ಜೊತೆಗೆ ತರಗತಿಯ ಹೊರಗೇ ಉಳಿದುಬಿಡುತ್ತದೆ. ನುಡಿಯ ಆಟ ನುಡಿಯ ಪಾಠಕ್ಕೆ ವಿಘ್ನವಲ್ಲ, ಅದೇ ಪಾಠದ ಹೆಬ್ಬಾಗಿಲು ಎಂಬ ಮಾತನ್ನು ವಿದ್ಯಾಸಂಸ್ಥೆಗಳ ಹಿತವನ್ನು ಬಯಸುವವರೆಲ್ಲರೂ ಮರಳಿ ನೆನೆಯಬೇಕಾದ ಕಾಲವಿದು.

ಮಗು ಶಾಲೆಗೆ ಬರುವ ಮೊದಲೇ ಈ ಆಟದಲ್ಲಿ ಪಳಗಿರುತ್ತದೆ. ಮನೆಯ ಹಿರಿಯರು ಹೊರಡುವಾಗ 'ಹೋಗುತ್ತೇನೆ' ಎನ್ನುವುದಿಲ್ಲ, 'ಬರುತ್ತೇನೆ' ಎನ್ನುತ್ತಾರೆ. ಹೋಗುವವರು ಬರುತ್ತೇನೆ ಎನ್ನುವ ಈ ವಿಪರೀತವನ್ನು ಯಾವ ಮಗುವೂ ತಪ್ಪಾಗಿ ತಿಳಿಯುವುದಿಲ್ಲ. ದೀಪ ಆರಿಸು ಎನ್ನಬಾರದು, ಶಾಂತ ಮಾಡು ಎನ್ನಬೇಕು. ರಾತ್ರಿ ಹಾವಿನ ಹೆಸರೆತ್ತಬಾರದು, ಹುಳವೆನ್ನಬೇಕು. ಅಜ್ಜಿಯ ಬಾಯಲ್ಲಿ ಬಾಗಿಲನ್ನು ಮುಚ್ಚುವುದಿಲ್ಲ, 'ಮುಂದೆ ಮಾಡು'ತ್ತಾರೆ. ಒಂದು ಪದದ ಬದಲಿಗೆ ಇನ್ನೊಂದನ್ನು ಏಕೆ, ಯಾವಾಗ, ಯಾರ ಮುಂದೆ ಬಳಸಬೇಕೆಂಬ ವಿವೇಕ ಹೀಗೆ ಮಗುವಿಗೆ ಊಟದ ಜೊತೆಗೇ ಬರುತ್ತದೆ. ಉತ್ತರ ಕರ್ನಾಟಕದ ಮದುವೆಯ ಮನೆಗಳಲ್ಲಿ ಒಡಪು ಹೇಳುವ ಪದ್ಧತಿಯುಂಟು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದೆಂಬುದು ಒಂದು ಕಟ್ಟಳೆ. ಹೇಳಲೇಬೇಕೆಂಬುದು ನೆರೆದ ಹೆಂಗಳೆಯರ ಹಟ. ಮದುಮಗಳು ಪ್ರಾಸಬದ್ಧವಾದ ನಾಲ್ಕು ಮಾತು ಹೊಸೆದು, ಅದರ ನಡುವೆ ಹೆಸರನ್ನು ಹೂವಿನಲ್ಲಿ ದಾರ ಅಡಗಿಸಿದಂತೆ ಅಡಗಿಸಿ ಪಾರಾಗುತ್ತಾಳೆ. ಯಾವ ಛಂದಶ್ಶಾಸ್ತ್ರವನ್ನೂ ಓದದೆ ಪ್ರಾಸ, ಗಣ, ಯತಿಗಳನ್ನೆಲ್ಲ ಆಕೆ ಸಭೆಯ ಮುಂದೆ, ನಾಚಿಕೆಯ ನಡುವೆ, ನಿಂತ ನಿಲುವಿನಲ್ಲಿ ಸಾಧಿಸಿಬಿಡುತ್ತಾಳೆ. ಅದೇ ಹುಡುಗಿ ಶಾಲೆಯಲ್ಲಿ ಪ್ರಾಸದ ಲಕ್ಷಣ ಬರೆಯಲಾಗದೆ ಎರಡು ಅಂಕ ಕಳೆದುಕೊಂಡಿರಬಹುದು. ತಪ್ಪು ಆಕೆಯದೋ ಪ್ರಶ್ನೆಯದೋ ಎಂಬುದನ್ನು ಸುಜ್ಞರೇ ನಿರ್ಣಯಿಸಲಿ.

ಇದು ಕೇವಲ ಮನೆಯ ಮಾತು, ವಿದ್ವತ್ತಿಗೆ ಇದರ ಸಂಬಂಧವೇನು ಎಂದು ಕೇಳುವವರಿರಬಹುದು. ಕನ್ನಡದ ವಿದ್ವತ್ಪರಂಪರೆಯನ್ನು ತೆರೆದು ನೋಡಿದರೆ ಅಲ್ಲಿಯೂ ಇದೇ ಲೀಲೆ ಕಾಣುತ್ತದೆ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದಲ್ಲಿ ದೊರೆತಿರುವ ಅತ್ಯಂತ ಹಳೆಯ ಗ್ರಂಥ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನ ಓದಿನ ಶ್ರಮವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರು ಎಂಬ ಪ್ರಶಂಸೆ ಅದರಲ್ಲಿದೆ. ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಒಡಪು ಹೇಳುವ ಹೆಣ್ಣುಮಕ್ಕಳಿಗೆ ಸಂದ ಪ್ರಮಾಣಪತ್ರವಿದು ಎಂದರೆ ಅತಿಶಯೋಕ್ತಿಯಾಗದು. ಅದೇ ಗ್ರಂಥ ಸಂಸ್ಕೃತದ ಪದವನ್ನೂ ಕನ್ನಡದ ಪದವನ್ನೂ ಎಗ್ಗಿಲ್ಲದೆ ಬೆಸೆದು ಸಮಾಸ ಮಾಡುವವರನ್ನು ಎಚ್ಚರಿಸುತ್ತ, ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದಂತೆ ಎಂದು ಅಡಿಗೆಮನೆಯ ಹೋಲಿಕೆಯನ್ನು ತರುತ್ತದೆ. ಹಾಲು ಒಡೆದ ಬೇಸರವನ್ನು ಬಲ್ಲ ಯಾವ ಗೃಹಿಣಿಗೂ ಈ ವ್ಯಾಕರಣಸೂತ್ರ ಮರೆಯುವಂತಿಲ್ಲ.

ಮುಳುಗುಂದದ ನಯಸೇನನು 1112ರಲ್ಲಿ 'ಧರ್ಮಾಮೃತ'ವನ್ನು ಬರೆದಾಗ ಇದೇ ದೂರನ್ನು ಮತ್ತೊಂದು ಹೋಲಿಕೆಯಿಂದ ಹೇಳಿದನು. ಸಂಸ್ಕೃತದಲ್ಲಿ ಬರೆಯುವವರು ಸಂಸ್ಕೃತದಲ್ಲಿಯೇ ಬರೆಯಲಿ, ಅದನ್ನು ಕನ್ನಡದೊಳಕ್ಕೆ ತಂದು ಬೆರಸುವುದು ತುಪ್ಪವನ್ನೂ ಎಣ್ಣೆಯನ್ನೂ ಬೆರಸಿದಂತೆ ಎಂಬುದು ಅವನ ಅಭಿಪ್ರಾಯ. ಸ್ವಾರಸ್ಯವಿರುವುದು ಇಲ್ಲಿಯೇ. ಈ ಪದ್ಯದಲ್ಲಿ ತುಪ್ಪಕ್ಕೂ ಎಣ್ಣೆಗೂ ಅವನು ಬಳಸಿರುವುದು 'ಘೃತ', 'ತೈಲ' ಎಂಬ ಸಂಸ್ಕೃತದ ಪದಗಳನ್ನೇ! ಬೆರಸಬೇಡಿರೆಂದು ಹೇಳುವ ಪದ್ಯದಲ್ಲಿಯೇ ಬೆರಕೆ. ಕವಿಗೆ ಇದು ತಿಳಿಯದೆ ಆದ ಪ್ರಮಾದವೋ, ತಿಳಿದೇ ಬೀರಿದ ನಗೆಯೋ ಎಂಬ ಪ್ರಶ್ನೆಯೊಂದನ್ನು ತರಗತಿಯಲ್ಲಿ ಎತ್ತಿದರೆ ಸಾಕು. ಹಿಂದಿನ ಬೆಂಚಿನ ಹುಡುಗನೂ ತಲೆಯೆತ್ತಿ ಕೇಳುತ್ತಾನೆ. ಹದಿಮೂರನೆಯ ಶತಮಾನದ ಆಂಡಯ್ಯನು ಈ ಪಂಥವನ್ನೇ ಸ್ವೀಕರಿಸಿ, ಸಂಸ್ಕೃತದ ಪದಗಳನ್ನು ಅವುಗಳ ಮೂಲರೂಪದಲ್ಲಿ ಬಳಸದೆ, ದೇಶ್ಯ ಮತ್ತು ತದ್ಭವಗಳಲ್ಲಿಯೇ 'ಕಬ್ಬಿಗರ ಕಾವ'ವನ್ನು ರಚಿಸಿದನು. ಒಂದು ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಕುಸ್ತಿ ಹಿಡಿದು ಗೆದ್ದ ಪೈಲವಾನನ ಸಾಹಸಕ್ಕೆ ಇದು ಕಡಿಮೆಯದಲ್ಲ.

ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದ ನಂದಳಿಕೆಯ ಲಕ್ಷ್ಮೀನಾರಾಯಣಪ್ಪನವರು 1870ರಲ್ಲಿ ಹುಟ್ಟಿ 1901ರಲ್ಲಿಯೇ ತೀರಿಕೊಂಡರು. ಅವರು ಮುದ್ದಣನೆಂಬ ಹೆಸರಿನಲ್ಲಿ ಬರೆದ 'ರಾಮಾಶ್ವಮೇಧ'ದಲ್ಲಿ ಕಥೆಯಷ್ಟೇ ಪ್ರಸಿದ್ಧವಾದುದು ಕಥೆ ಹೇಳುವ ಗಂಡನಿಗೂ ಕೇಳುವ ಹೆಂಡತಿಗೂ ನಡೆಯುವ ಸರಸಸಂವಾದ. ಗಂಡ ಸಂಸ್ಕೃತದ ಭಾರವಾದ ಮಾತುಗಳಿಂದ ಆರಂಭಿಸಿದೊಡನೆ ಮನೋರಮೆ ತಡೆಯುತ್ತಾಳೆ, ತಿಳಿಯುವಂತೆ ಹೇಳೆಂದು ಕೆಣಕುತ್ತಾಳೆ. ನಯಸೇನನ ದೂರು ಎಂಟು ನೂರು ವರ್ಷಗಳ ಬಳಿಕ ಮನೋರಮೆಯ ಬಾಯಲ್ಲಿ ಮರುಹುಟ್ಟು ಪಡೆಯಿತು. ಕನ್ನಡದ ಅತ್ಯಂತ ಗಂಭೀರವಾದ ಭಾಷಾವಿವಾದವೊಂದು ಹೀಗೆ ಅಡಿಗೆಮನೆಯ ಹೋಲಿಕೆಗಳಲ್ಲಿಯೂ ಗಂಡಹೆಂಡಿರ ಸರಸದಲ್ಲಿಯೂ ನಡೆದುಬಂದಿರುವುದು ಗಮನಾರ್ಹ. ಇಂದಿನ ಕನ್ನಡ, ಇಂಗ್ಲಿಷುಗಳ ಬೆರಕೆಯ ವಿಷಯದಲ್ಲಿ ಕೋಪದಿಂದ ಭಾಷಣ ಮಾಡುವವರು ಈ ಹಿರಿಯರ ಮುಗುಳ್ನಗೆಯನ್ನೂ ಸ್ವಲ್ಪ ಕಡ ತಂದರೆ ಕೇಳುವವರ ಸಂಖ್ಯೆ ಹೆಚ್ಚೀತು.

ಅನುಭಾವದ ಶಿಖರದಲ್ಲಿಯೂ ಒಗಟಿಗೆ ಸ್ಥಾನವುಂಟು. ಹನ್ನೆರಡನೆಯ ಶತಮಾನದ ಅಲ್ಲಮಪ್ರಭುವಿನ ಬೆಡಗಿನ ವಚನಗಳು ಮೇಲುನೋಟಕ್ಕೆ ಅಸಂಗತವಾಗಿ ತೋರಿ, ಬಿಡಿಸಿದಷ್ಟೂ ಬಿಚ್ಚಿಕೊಳ್ಳುವಂಥವು. ಅವುಗಳಿಗೆ ಟೀಕೆ ಬರೆಯುವುದೇ ಒಂದು ವಿದ್ಯೆಯಾಗಿ ಬೆಳೆಯಿತು. ಲೋಕಕ್ಕೆ ಬುದ್ಧಿ ಹೇಳಿದ ಸರ್ವಜ್ಞನೂ ತನ್ನ ತ್ರಿಪದಿಗಳಲ್ಲಿ ಒಗಟುಗಳನ್ನು ಇಟ್ಟನು. ನೇರವಾಗಿ ಹೇಳಿದ ಮಾತನ್ನು ಕಿವಿ ಕೇಳಿ ಮರೆಯುತ್ತದೆ. ತಾನೇ ಬಿಡಿಸಿಕೊಂಡ ಮಾತನ್ನು ಮನಸ್ಸು ತನ್ನ ಸ್ವಂತ ಆಸ್ತಿಯೆಂದು ಕಾಪಾಡುತ್ತದೆ. ಇಷ್ಟು ದೊಡ್ಡವರು ಬೋಧನಾಕ್ರಮವೆಂದು ಒಪ್ಪಿದುದನ್ನು ಎಂಟನೆಯ ತರಗತಿಯ ಪಾಠಕ್ಕೆ ತಕ್ಕುದಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ?

ಹತ್ತಿರದ ಕಾಲಕ್ಕೆ ಬಂದರೆ ಕನ್ನಡದ ಲೇಖಕರ ಹೆಸರುಗಳೇ ಒಂದು ವಿನೋದಶಾಲೆ. ವಚನಕಾರರು ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ಹೆಸರನ್ನು ಅಂಕಿತವಾಗಿಸಿಕೊಂಡರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ತಾಯಿಯ ಹೆಸರನ್ನು ಮುಂದಿಟ್ಟು ಅಂಬಿಕಾತನಯದತ್ತರಾದರು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬ ಮೂರು ಪದಗಳ ಮೊದಲಕ್ಷರಗಳು ಕೂಡಿ ಕುವೆಂಪು ಎಂಬ ನಾಲ್ಕನೆಯ ಪದವಾಯಿತು. ಡಾ. ಎಂ. ಶಿವರಾಂ ಅವರು 'ರಾಶಿ'ಯಾದರು; ರಾಶಿಯೆಂದರೆ ಕಣದಲ್ಲಿಯೂ ಉಂಟು, ಪಂಚಾಂಗದಲ್ಲಿಯೂ ಉಂಟು. ವೃತ್ತಿಯಿಂದ ವೈದ್ಯರಾದ ಅವರು 1942ರಲ್ಲಿ 'ಕೊರವಂಜಿ' ಎಂಬ ವಿನೋದಪತ್ರಿಕೆಯನ್ನು ಆರಂಭಿಸಿ ನಾಡಿಗೆ ನಗೆಯ ಔಷಧವನ್ನೂ ಹಂಚಿದರು. ಆ ಬಳಗದ ನಾ. ಕಸ್ತೂರಿಯವರು ಅರ್ಥಕೋಶಗಳ ನಾಡಿಗೆ 'ಅನರ್ಥಕೋಶ'ವನ್ನು ಕೊಟ್ಟರು. ರಾಯಸಂ ಭೀಮಸೇನರಾಯರು 'ಬೀಚಿ'ಯಾಗಿ, ಆ ಎರಡಕ್ಷರಗಳಲ್ಲಿ ಮೊದಲನೆಯದನ್ನು ಕನ್ನಡದ ಲಿಪಿಯಲ್ಲಿಯೂ ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿಯೂ ಬರೆದು, ಒಂದೇ ಹೆಸರಿಗೆ ಎರಡು ವೇಷ ತೊಡಿಸಿದರು. ಅವರ ಆತ್ಮಕಥೆಯ ಹೆಸರು 'ನನ್ನ ಭಯಾಗ್ರಫಿ'. ಒಂದಕ್ಷರವನ್ನು ಸರಿಸಿ, ಜೀವನಚರಿತ್ರೆಯೊಳಗೆ ಭಯವನ್ನು ಕೂರಿಸಿದ ಈ ಕೌಶಲ ಅನೇಕ ಪುಟಗಳ ಪೀಠಿಕೆಗೆ ಸಮ.

ಟಿ.ಪಿ. ಕೈಲಾಸಂ ಅವರು ಕನ್ನಡ, ಇಂಗ್ಲಿಷುಗಳನ್ನು ಕಲಸಿ ಪಾತ್ರಗಳ ಬಾಯಲ್ಲಿಟ್ಟಾಗ ಮಡಿವಂತರು ಮೂಗು ಮುರಿದದ್ದುಂಟು. ಆದರೂ 1945ರಲ್ಲಿ ಮದರಾಸಿನಲ್ಲಿ ಸೇರಿದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನೇ ಅಧ್ಯಕ್ಷಪೀಠದಲ್ಲಿ ಕೂರಿಸಿತು. ಅವರ 'ಟೊಳ್ಳುಗಟ್ಟಿ' ನಾಟಕದ ಹುರುಳಾದರೂ ಏನು? ಬಾಯಿಪಾಠದ ವಿದ್ಯೆ ಟೊಳ್ಳು, ಮನುಷ್ಯತ್ವದ ವಿದ್ಯೆ ಗಟ್ಟಿ ಎಂಬುದು. ನಗಿಸುತ್ತಲೇ ಆ ಮಾತನ್ನು ಹೇಳಿದುದರಿಂದ ಅದು ಇಂದಿಗೂ ಉಳಿದಿದೆ. ಅದೇ ವಿಷಯದ ಮೇಲೆ ನಡೆದ ಶಿಕ್ಷಣ ಗೋಷ್ಠಿಗಳ ನಡಾವಳಿಗಳು ಯಾವ ಕಪಾಟಿನಲ್ಲಿವೆಯೋ ದೇವರೇ ಬಲ್ಲ.

ಇನ್ನೊಂದು ಸಂಗತಿಯೂ ಗಮನಿಸತಕ್ಕದ್ದು. ಕೈಲಾಸಂ, ಮಾಸ್ತಿ, ಜಿ.ಪಿ. ರಾಜರತ್ನಂ ಇವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಪಂಜೆ ಮಂಗೇಶರಾಯರದೂ ಗಿರೀಶ ಕಾರ್ನಾಡರದೂ ಕೊಂಕಣಿ, ನಾ. ಕಸ್ತೂರಿಯವರದು ಮಲೆಯಾಳಂ. 1894ರಲ್ಲಿ ಕನ್ನಡ, ಇಂಗ್ಲಿಷ್ ಮಹಾನಿಘಂಟನ್ನು ಹೊರತಂದ ರೆವರೆಂಡ್ ಕಿಟ್ಟೆಲರಂತೂ ಜರ್ಮನಿಯವರು. ಕನ್ನಡಕ್ಕೆ ಜ್ಞಾನಪೀಠ ಪ್ರಶಸ್ತಿ ತಂದ ಎಂಟು ಮಂದಿಯಲ್ಲಿ ಬೇಂದ್ರೆ, ಮಾಸ್ತಿ, ಕಾರ್ನಾಡ ಈ ಮೂವರು ತೊಟ್ಟಿಲಲ್ಲಿ ಕೇಳಿದುದು ಬೇರೊಂದು ನುಡಿಯನ್ನು. ಇವರಿಗೆ ಕನ್ನಡವನ್ನು ಯಾರೂ ಕಡ್ಡಾಯ ಮಾಡಿರಲಿಲ್ಲ. ಕನ್ನಡದ ರುಚಿ ಇವರನ್ನು ಎಳೆದು ತಂದಿತು. ಮನೆಯ ಹೊರಗಿನವರನ್ನು ಒಳಕ್ಕೆ ಕರೆತರುವಷ್ಟು ಸವಿ ಇರುವ ನುಡಿ, ಮನೆಯೊಳಗಿನ ಮಕ್ಕಳನ್ನು ಹಿಡಿದಿಡಲಾರದೆ ಹೋದರೆ ಕೊರತೆ ನುಡಿಯದಲ್ಲ, ಬಡಿಸುವ ಕೈಯದು.

ಬಡಿಸುವ ಕೈಗಳು ಹೇಗಿರಬಹುದೆಂಬುದಕ್ಕೂ ನಿದರ್ಶನಗಳಿವೆ. ಹುಬ್ಬಳ್ಳಿಯ 'ಕಸ್ತೂರಿ' ಮಾಸಪತ್ರಿಕೆಯ ಸಂಪಾದಕರಾಗಿದ್ದ ಪಾ.ವೆಂ. ಆಚಾರ್ಯರು ಪದಗಳ ಹುಟ್ಟುಬೆಳವಣಿಗೆಯನ್ನು ಕುರಿತು 'ಪದಾರ್ಥ ಚಿಂತಾಮಣಿ' ಎಂಬ ಅಂಕಣವನ್ನು ಬರೆದರು. ಪದಾರ್ಥವೆಂದರೆ ಪದದ ಅರ್ಥವೂ ಹೌದು, ವಸ್ತುವೂ ಹೌದು, ಆಚಾರ್ಯರು ಹುಟ್ಟಿದ ಕರಾವಳಿಯ ಸೀಮೆಯಲ್ಲಿ ಅನ್ನದ ಜೊತೆಗೆ ಬಡಿಸುವ ವ್ಯಂಜನವೂ ಹೌದು. ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಎಂಬ ಅಂಕಣದ ಮೂಲಕ ಓದುಗರ ಶಬ್ದಸಂದೇಹಗಳನ್ನು ವರ್ಷಗಟ್ಟಲೆ ಪರಿಹರಿಸಿದರು. 2021ರಲ್ಲಿ ತಮ್ಮ 107ನೆಯ ವಯಸ್ಸಿನಲ್ಲಿ ಅವರು ಅಗಲಿದಾಗ ನಾಡಿನ ಸಾಮಾನ್ಯ ಓದುಗರೂ ಮನೆಯ ಹಿರಿಯರನ್ನು ಕಳೆದುಕೊಂಡಂತೆ ಮರುಗಿದರು. ಒಂದು ಪದದ ಅರ್ಥವನ್ನು ತಿಳಿಯಲೆಂದೇ ಜನ ಅಂಚೆಯ ಖರ್ಚು ಹಾಕಿ ಕಾಗದ ಬರೆಯುತ್ತಿದ್ದರೆಂದ ಮೇಲೆ, ಕನ್ನಡಿಗರಿಗೆ ಭಾಷೆಯಲ್ಲಿ ಆಸಕ್ತಿಯಿಲ್ಲವೆಂಬ ಮಾತು ನಿಲ್ಲುವುದಿಲ್ಲ.

ತರಗತಿಯ ಕೋಣೆಯಲ್ಲಿಯೇ ಎಷ್ಟು ಪದಾರ್ಥಗಳಿಲ್ಲ! ಗುರುಗಳು ಕುಳಿತ ಖುರ್ಚಿ ಅರಬ್ಬಿಯ ಮೂಲದ್ದು, ಬರೆಯುವ ಕಾಗದ ಪಾರಸಿಯ ಹಾದಿಯಲ್ಲಿ ಬಂದುದು. ಹಾಜರಿ ಅರಬ್ಬಿಯದು, ಹಾಜರಿಯ ಕಂಟಕವಾದ ರಜೆಯೂ ಅರಬ್ಬಿಯದೇ. ಕೋಣೆಯ ಬೀಗ ತೆರೆಯುವ ಚಾವಿ, ಊಟದ ಪಲ್ಯದ ಬಟಾಟೆ, ತಿಂಗಳ ಕೊನೆಗೆ ಮಾಸ್ತರರು ಎದುರುನೋಡುವ ಪಗಾರ ಇವೆಲ್ಲ ಪೋರ್ಚುಗೀಸರ ಹಡಗಿನಿಂದ ಇಳಿದವು. ಬೆಂಚು ಇಂಗ್ಲಿಷಿನದು, ಪಾಠ ಸಂಸ್ಕೃತದ್ದು. ಓದು, ಬರಹ, ನುಡಿ ಅಚ್ಚಗನ್ನಡದವು. ಎಲ್ಲಕ್ಕಿಂತ ವಿನೋದದ ವಸ್ತು ಉಪಾಧ್ಯಾಯರ ಕೈಯಲ್ಲಿಯೇ ಇದೆ. ಶಾಯಿಯೆಂಬುದು ಪಾರಸಿಯ 'ಸಿಯಾಹಿ' ಎಂಬುದರಿಂದ ಬಂದ ಪದ. 'ಸಿಯಾಹ್' ಎಂದರೆ ಕಪ್ಪು. ಹಾಗಾದರೆ ಉತ್ತರಪತ್ರಿಕೆಗಳ ಮೇಲೆ ಹರಿಯುವ ಕೆಂಪು ಶಾಯಿಯ ಅರ್ಥವೇನು? ಕೆಂಪಾದ ಕಪ್ಪು! ಮಕ್ಕಳ ಸಣ್ಣಪುಟ್ಟ ತಪ್ಪುಗಳನ್ನು ಗುರುತಿಸಲು ಬಳಸುವ ವಸ್ತುವಿನ ಹೆಸರಿನಲ್ಲಿಯೇ ಇಂಥದೊಂದು ವಿರೋಧ ಅಡಗಿರುವುದನ್ನು ನೆನೆದರೆ, ತಿದ್ದುವ ಕೈ ಸ್ವಲ್ಪ ಮೃದುವಾದೀತು.

ಮೃದುವಾಗಲು ಇನ್ನೂ ಒಂದು ಕಾರಣವುಂಟು. ಹಕ್ಕಿ ಎಂಬುದನ್ನು 'ಅಕ್ಕಿ' ಎಂದು ಬರೆದ ಮಗುವಿನ ಮೇಲೆ ಸಿಟ್ಟಾಗುವುದು ಸಹಜ. ಹಕ್ಕಿ ಬೆಂದು ಅಕ್ಕಿ ಹಾರಿದರೆ ಅನರ್ಥವೇ ಸರಿ. ಆ ವ್ಯತ್ಯಾಸವನ್ನು ಕಲಿಸಲೇಬೇಕು. ಆದರೆ ಹಳಗನ್ನಡದಲ್ಲಿ ಆ ಪದ 'ಪಕ್ಕಿ' ಎಂದಿತ್ತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪಕ್ಕಿ ಹಕ್ಕಿಯಾಯಿತು. ಪಕಾರ ಹಕಾರವಾಗುತ್ತಿದ್ದ ಕಾಲದಲ್ಲಿ ಹಕ್ಕಿಯೆಂದ ಶಿಷ್ಯನ ಕಿವಿಯನ್ನು ಯಾವ ಗುರು ಹಿಂಡಿದ್ದನೋ ಯಾರು ಬಲ್ಲರು? ಪಕ್ಕಿ, ಹಕ್ಕಿ, ಅಕ್ಕಿ ಎಂಬ ಮೂರು ಮೆಟ್ಟಿಲುಗಳನ್ನು ಹಲಗೆಯ ಮೇಲೆ ಬರೆದು ತೋರಿಸಿ, ಇಂದಿನ ಶಿಷ್ಟಭಾಷೆ ನಡುವಣ ಮೆಟ್ಟಿಲಲ್ಲಿ ನಿಂತಿದೆಯೆಂದು ವಿವರಿಸಿದರೆ, ಮಗು ತಪ್ಪನ್ನೂ ತಿದ್ದಿಕೊಳ್ಳುತ್ತದೆ. ತನ್ನ ಮನೆಯ ಮಾತು ಕೀಳಲ್ಲವೆಂಬ ಅಭಿಮಾನವನ್ನೂ ಉಳಿಸಿಕೊಳ್ಳುತ್ತದೆ. ಮೊದಲನೆಯದು ಪರೀಕ್ಷೆಗೆ ಬೇಕು, ಎರಡನೆಯದು ಬಾಳಿಗೆ ಬೇಕು.

ಶಬ್ದಚಮತ್ಕಾರದಲ್ಲಿ ಕಾಲಹರಣವಾದರೆ ಪಠ್ಯಕ್ರಮ ಮುಗಿಯುವುದೆಂತು ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಆಟವೇ ಪಾಠವಾಗುವ ಬಗೆಯನ್ನು ನೋಡಬೇಕು. 'ಏಳು ಗಂಟೆಗೆ ಏಳು' ಎಂದು ಪ್ರತಿಯೊಬ್ಬ ತಾಯಿಯೂ ಹೇಳುತ್ತಾಳೆ. ಮೊದಲನೆಯ ಏಳು ಸಂಖ್ಯಾವಾಚಕ, ಎರಡನೆಯದು ವಿಧ್ಯರ್ಥದ ಕ್ರಿಯಾಪದ. 'ಹತ್ತು ಮೆಟ್ಟಿಲು ಹತ್ತು' ಎಂಬಲ್ಲಿಯೂ ಹಾಗೆಯೇ. ಆರು ಎಂಬ ಸಂಖ್ಯೆ ದೀಪದ ಪಕ್ಕಕ್ಕೆ ಬಂದರೆ ನಂದುವ ಕ್ರಿಯೆಯಾಗುತ್ತದೆ. ಇಂಥ ಎರಡು ಬಾಳಿನ ಸಂಖ್ಯೆಗಳು ಇನ್ನಾವುವೆಂದು ಹುಡುಕಿರೆಂದರೆ ಮಕ್ಕಳು ಅರ್ಧ ಗಂಟೆಯಲ್ಲಿ ಶಬ್ದಕೋಶವನ್ನೇ ಜಾಲಾಡುತ್ತಾರೆ. ಶ್ಲೇಷೆಯನ್ನು ಕೇಳಿ ನಗಬೇಕಾದರೆ ಎರಡು ಅರ್ಥಗಳೂ ಏಕಕಾಲಕ್ಕೆ ಹೊಳೆಯಬೇಕು. ನಕ್ಕ ಮಗು ಉತ್ತೀರ್ಣವಾಯಿತೆಂದೇ ಲೆಕ್ಕ. ಅದಕ್ಕಿಂತ ಶೀಘ್ರವಾದ ಮೌಲ್ಯಮಾಪನ ಬೇರಿಲ್ಲ.

ಸಂಸ್ಕೃತದ ದಂಡಿಯ 'ದಶಕುಮಾರಚರಿತ'ದಲ್ಲಿ ಮಂತ್ರಗುಪ್ತನೆಂಬ ಕುಮಾರ, ನಲ್ಲೆಯ ಹಲ್ಲಿನಿಂದ ತುಟಿ ನೊಂದುದರಿಂದ, ತುಟಿಗಳು ತಾಕುವ ಪವರ್ಗದ ಅಕ್ಷರಗಳನ್ನೆಲ್ಲ ಬಿಟ್ಟು ತನ್ನ ಕಥೆಯನ್ನು ಹೇಳುತ್ತಾನೆ. ಕಾರಣವನ್ನು ಮರೆಮಾಚಿ ಆಟವನ್ನಷ್ಟೇ ತರಗತಿಗೆ ತಂದರೂ ಸಾಕು. ಪ, ಫ, ಬ, ಭ, ಮ ಇಲ್ಲದೆ ಒಂದು ನಿಮಿಷ ಮಾತನಾಡೆಂದರೆ ಮಗುವಿಗೆ ಅಮ್ಮನೂ ಇಲ್ಲ, ಅಪ್ಪನೂ ಇಲ್ಲ; ತಾಯಿ, ತಂದೆಯರನ್ನು ಹುಡುಕಬೇಕು. ಪಾಠ, ಪುಸ್ತಕ, ಪರೀಕ್ಷೆ, ಮಾರ್ಕು ಎಲ್ಲವೂ ಮಾಯವಾಗಿ ಓದು, ಆಟ, ಊಟ, ರಜೆಗಳು ಮಾತ್ರ ಉಳಿಯುತ್ತವೆ. ಇದಕ್ಕಿಂತ ಆನಂದದ ತರಗತಿ ಯಾವುದು? ಓಷ್ಠ್ಯಾಕ್ಷರಗಳೆಂದರೇನೆಂಬ ಪ್ರಶ್ನೆಗೆ ಆ ಮಗು ಜನ್ಮವಿಡೀ ಉತ್ತರವನ್ನು ಮರೆಯಲಾರದು.

ಈ ವಿನೋದದ ಹಿಂದೆ ವಿನೋದವಲ್ಲದ ಸಂಗತಿಯೊಂದಿದೆ. ವಿ.ಕೃ. ಗೋಕಾಕರ ಅಧ್ಯಕ್ಷತೆಯ ಸಮಿತಿ 1981ರಲ್ಲಿ ವರದಿಯನ್ನು ಒಪ್ಪಿಸಿ ಪ್ರೌಢಶಾಲೆಯಲ್ಲಿ ಕನ್ನಡಕ್ಕೆ ಪ್ರಥಮ ಭಾಷೆಯ ಸ್ಥಾನವನ್ನು ಬೇಡಿತು. ಅದರ ಜಾರಿಗಾಗಿ 1982ರಲ್ಲಿ ನಾಡಿಗೆ ನಾಡೇ ಬೀದಿಗಿಳಿಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯನ್ನು ಶಿಕ್ಷಣ ಮಾಧ್ಯಮವಾಗಿ ಸರ್ಕಾರ ಹೇರುವಂತಿಲ್ಲವೆಂದು 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಸ್ಥಾನವನ್ನು ಆಜ್ಞೆಯಿಂದ ಕೊಡಬಹುದು, ಆಜ್ಞೆಯಿಂದಲೇ ಕಳೆಯಲೂಬಹುದು. ಪ್ರೀತಿಯನ್ನು ಮಾತ್ರ ಯಾವ ಆಜ್ಞೆಯೂ ಕೊಡಲಾರದು. ಪ್ರಥಮ ಭಾಷೆಯೆಂಬ ಪಟ್ಟ ಪಡೆದ ನುಡಿಯನ್ನು ಮಕ್ಕಳು ಅಂಕಗಳಿಗಾಗಿ ಓದಿ, ಪರೀಕ್ಷೆ ಮುಗಿದ ಸಂಜೆಯೇ ಪುಸ್ತಕವನ್ನು ರದ್ದಿಗೆ ಹಾಕಿದರೆ ಆ ಪಟ್ಟದ ಬೆಲೆಯೇನು? ಆ ಮಕ್ಕಳು ತಾಯ್ತಂದೆಯರಾದಾಗ ಅವರ ಮನೆಯಲ್ಲಿ ಒಡಪು ಹೇಳುವವರಾರು, ಒಗಟು ಬಿಡಿಸುವವರಾರು? ಅಜ್ಜಿಯರು ಒಬ್ಬೊಬ್ಬರಾಗಿ ಮರೆಯಾಗುತ್ತಿದ್ದಾರೆ. ಪ್ರತಿಯೊಬ್ಬಳೂ ಮುದ್ರಣ ಕಾಣದ ಒಂದು ನಿಘಂಟನ್ನು ತನ್ನೊಡನೆ ಒಯ್ಯುತ್ತಿದ್ದಾಳೆ.

ಮಾಡಬೇಕಾದುದು ದುಬಾರಿಯ ಕೆಲಸವಲ್ಲ. ಕನ್ನಡದ ಅವಧಿಯ ಮೊದಲ ಐದು ನಿಮಿಷ ಒಂದು ಒಗಟಿಗೋ ಒಂದು ಪದದ ಚರಿತ್ರೆಗೋ ಮೀಸಲಾಗಲಿ. ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇಸಗೆಯ ರಜೆಯಲ್ಲಿ ಮನೆಯ ಹಿರಿಯರಿಂದ, ಒಕ್ಕಲು, ನೇಯ್ಗೆ, ಕುಂಬಾರಿಕೆ, ಅಡಿಗೆಯ ಬಳಕೆಯಿಂದ, ಪಠ್ಯಪುಸ್ತಕದಲ್ಲಿಲ್ಲದ ಇಪ್ಪತ್ತು ಪದಗಳನ್ನು ಸಂಗ್ರಹಿಸಿ ತರಲಿ. ನಲವತ್ತು ಮಕ್ಕಳ ತರಗತಿಯೊಂದು ವರ್ಷಕ್ಕೆ ಎಂಟು ನೂರು ಪದಗಳನ್ನು ತರುತ್ತದೆ; ಹತ್ತು ವರ್ಷಗಳಲ್ಲಿ ಆ ಸೀಮೆಯ ನುಡಿಯ ಕಣಜವೇ ತುಂಬುತ್ತದೆ. ಹಳೆಯ ವಿದ್ಯಾರ್ಥಿಗಳು ಸ್ನೇಹಸಮ್ಮೇಳನಕ್ಕೆ ಬರುವಾಗ ತಮ್ಮ ಊರಿನ ಐದು ಪದಗಳನ್ನು ಕಾಣಿಕೆಯಾಗಿ ತರಲಿ. ದಾನಿಗಳು ಪ್ರಥಮಸ್ಥಾನಕ್ಕೂ ಭಾಷಣಕ್ಕೂ ಪ್ರಬಂಧಕ್ಕೂ ಪಾರಿತೋಷಕಗಳನ್ನಿಟ್ಟು ಪುಣ್ಯ ಕಟ್ಟಿಕೊಂಡಿದ್ದಾರೆ. ಅನ್ನದಾಸೋಹಕ್ಕೆ ಅಕ್ಕಿ ಬೇಳೆ ಕಳುಹಿಸುವ ಅದೇ ಔದಾರ್ಯದಿಂದ, ಅತ್ಯುತ್ತಮವಾದ ಒಗಟನ್ನು ಕಟ್ಟಿದ ಮಗುವಿಗೆ, ಅತಿ ಹೆಚ್ಚು ಪದಗಳನ್ನು ಕೂಡಿಟ್ಟ ಮಗುವಿಗೆ ಒಂದು ಚಿಕ್ಕ ಪಾರಿತೋಷಕವನ್ನಿಡಲಿ. ಆ ಬಹುಮಾನ ಬಹುಶಃ ಹಿಂದಿನ ಬೆಂಚಿನ ಹುಡುಗನಿಗೋ, ಸಂತೆಯಲ್ಲಿ ಕಾಯಿಪಲ್ಯ ಮಾರುವ ತಾಯಿಯ ಮಗಳಿಗೋ ಸಲ್ಲುತ್ತದೆ. ಆ ಮನೆಗಳಲ್ಲಿಯೇ ನುಡಿಯ ಸಂಪತ್ತು ಇನ್ನೂ ಖರ್ಚಾಗದೆ ಉಳಿದಿದೆ. ತನ್ನ ಅವ್ವನ ಮಾತಿಗೆ ವೇದಿಕೆಯ ಮೇಲೆ ಮರ್ಯಾದೆ ಸಂದುದನ್ನು ಕಂಡ ಮಗು ಕನ್ನಡವನ್ನು ಇನ್ನೆಂದೂ ಬಿಡುವುದಿಲ್ಲ.

ಪರೀಕ್ಷೆ ಹತ್ತಿರವಿದೆ, ಪಠ್ಯ ಮುಗಿದಿಲ್ಲ, ಇವೆಲ್ಲ ಮುಂದಿನ ವರ್ಷ ನೋಡೋಣವೆಂಬ ಉತ್ತರ ಎಲ್ಲ ಶಾಲೆಗಳಲ್ಲಿಯೂ ಸಿದ್ಧವಾಗಿರುತ್ತದೆ. ನುಡಿಯ ನಲಿವು ಶಾಲೆಯ ಬಾಗಿಲಿಗೆ ದಿನವೂ ಬಂದು, ಮಕ್ಕಳನ್ನು ಹೆಸರು ಹಿಡಿದು, ಅವರ ಮನೆಯವರ ದನಿಯಲ್ಲಿಯೇ ಕೂಗುತ್ತಿದೆ. ಕದದ ಮೇಲಿರುವ ಬರಹ ಮಾತ್ರ ಅದೇ ಹಳೆಯದು: ನಾಳೆ ಬಾ. ದೆವ್ವಕ್ಕೆ ತಾಳ್ಮೆಯಿತ್ತು; ಅದು ದಿನವೂ ತಪ್ಪದೆ ಮರಳಿ ಬರುತ್ತಿತ್ತು. ನುಡಿಗೆ ಅಷ್ಟು ತಾಳ್ಮೆಯಿರುತ್ತದೆಂಬ ಭರವಸೆಯಿಲ್ಲ. ಆದುದರಿಂದ ಆ ಬರಹವನ್ನು ಇಂದೇ ಒರಸಿ, ಅದೇ ಸೀಮೆಸುಣ್ಣದಿಂದ 'ಒಳಗೆ ಬಾ' ಎಂದು ಬರೆಯುವುದು ಲೇಸು.